ತಾಯಿಯ ನುಡಿ, ಬೀದಿಯ ನುಡಿ: ‘ಕಾಲ್ ಇಟ್ ಸ್ಲೀಪ್’ ಕಾದಂಬರಿಯ ಭಾಷಾವಿನ್ಯಾಸ

ವಲಸೆ ಬಂದ ತಂದೆತಾಯಿಗಳ ಮಗು ಇಂಗ್ಲಿಷನ್ನು ಕಲಿಯುವ ವೃತ್ತಾಂತವನ್ನು ಏಳಿಗೆಯ ಕಥೆಯೆಂದು ಓದುವುದು ವಾಡಿಕೆ. ಮೇರಿ ಆಂಟಿನ್ 1912ರಲ್ಲಿ ಪ್ರಕಟಿಸಿದ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಎಂಬ ಆತ್ಮಕಥೆಯಲ್ಲಿ ಶಾಲೆಯ ಇಂಗ್ಲಿಷು ಹೊಸ ಜನ್ಮಕ್ಕೆ ತೆರೆದ ಬಾಗಿಲು. 1934ರಲ್ಲಿ ಹೊರಬಂದು, ಬಹುಕಾಲ ಮರೆವಿಗೆ ಸಂದು, 1964ರ ಅಗ್ಗದ ಮುದ್ರಣದಿಂದ ವಿಪುಲವಾಗಿ ಓದುಗರನ್ನು ಪಡೆದ ಹೆನ್ರಿ ರಾತ್‌ನ ‘ಕಾಲ್ ಇಟ್ ಸ್ಲೀಪ್’ ಕಾದಂಬರಿಯು ಈ ವಾಡಿಕೆಗೆ ಒಗ್ಗುವುದಿಲ್ಲ. ಅದರ ಕಾರಣವನ್ನು ನಾವು ಕಥೆಯಲ್ಲಿ ಅಲ್ಲ, ಭಾಷೆಯ ವಿನ್ಯಾಸದಲ್ಲಿ ಅರಸಬೇಕು.

ರಾತ್‌ನು 1906ರಲ್ಲಿ ಅಂದಿನ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯದಲ್ಲಿ ಹುಟ್ಟಿ, ಶೈಶವದಲ್ಲಿಯೇ ನ್ಯೂಯಾರ್ಕಿಗೆ ಬಂದವನು. ಅವನ ಕಥಾನಾಯಕನಾದ ಬಾಲಕ ಡೇವಿಡ್ಡನಿಗೆ ಮನೆಯ ಮಾತು ಯಿಡ್ಡಿಷ್, ಬೀದಿಯ ಮಾತು ಇಂಗ್ಲಿಷ್, ಧರ್ಮಪಾಠದ ಮಾತು ಹೀಬ್ರೂ. ತಾಯಿಯೂ ಚಿಕ್ಕಮ್ಮನೂ ಗುಟ್ಟನ್ನು ಆಡುವಾಗ ಅವನಿಗೆ ತಿಳಿಯದ ಪೋಲಿಷಿಗೆ ಹೊರಳುತ್ತಾರೆ. ಈ ಪೈಕಿ ಯಿಡ್ಡಿಷ್ ಸಂಭಾಷಣೆಯನ್ನು ಲೇಖಕನು ಸುಸಂಪನ್ನವಾದ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ನಿಜವಾಗಿ ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನಾದರೋ, ಅಕ್ಷರಗಳು ಮುರಿದು, ಉಚ್ಚಾರಣೆ ಕದಡಿ, ಓದುಗನು ತಡವರಿಸುವಂತೆ ಬರೆದಿದ್ದಾನೆ. ಇಂಗ್ಲಿಷ್ ಬಲ್ಲ ಓದುಗನಿಗೆ ಇಂಗ್ಲಿಷೇ ಪರಭಾಷೆಯಾಗುತ್ತದೆ.

ಇದು ಬರಿಯ ಚಮತ್ಕಾರವಲ್ಲ. ಡೇವಿಡ್ಡನು ಒಮ್ಮೆ ದಾರಿ ತಪ್ಪಿ, ತಾನು ವಾಸಿಸುವ ಬೀದಿಯ ಹೆಸರನ್ನು ತನಗೆ ರೂಢಿಯಾದಂತೆ ಉಚ್ಚರಿಸುತ್ತಾನೆ. ಕೇಳಿದವರ ಕಿವಿಗೆ ಅದು ಬೇರೆ ಬೇರೆ ಹೆಸರಾಗಿ ಬೀಳುತ್ತದೆ. ಮಗು ಪೊಲೀಸ್ ಠಾಣೆಯನ್ನು ಸೇರಬೇಕಾಗುತ್ತದೆ. ಒಂದು ಸ್ವರ ಓರೆಯಾದರೆ ಮನೆಯೇ ಕಳೆದುಹೋಗುತ್ತದೆ. ಕೊನೆಯಲ್ಲಿ, ಟ್ರಾಮಿನ ವಿದ್ಯುತ್ತಿನಿಂದ ಆಘಾತಗೊಂಡ ಮಗನನ್ನು ಮನೆಗೆ ತಂದ ಅಧಿಕಾರಿಯೆದುರು ತಂದೆಯು ಮಗನ ವಯಸ್ಸನ್ನು ಇಂಗ್ಲಿಷಿನಲ್ಲಿ ಹೇಳಬೇಕಾದ ಪ್ರಸಂಗವಿದೆ. ಕೃತಿಯುದ್ದಕ್ಕೂ ಭಯಂಕರನಾಗಿದ್ದ ಆ ಪುರುಷನು ಆ ನಾಲ್ಕು ತೊದಲು ಪದಗಳಲ್ಲಿ ಒಮ್ಮೆಲೇ ಕುಗ್ಗಿಹೋಗುತ್ತಾನೆ.

ಬಡ ವಲಸೆಗಾರರ ಮಾತನ್ನು ಲೇಖಕನು ಅತಿಯಾಗಿ ಅಲಂಕರಿಸಿದ್ದಾನೆಂದು ಆಕ್ಷೇಪಿಸಬಹುದು. ಆದರೆ ತಂದೆಯ ಕ್ರೌರ್ಯವೂ ಚಿಕ್ಕಮ್ಮನ ಒರಟು ಹಾಸ್ಯವೂ ಅದೇ ಇಂಗ್ಲಿಷಿನಲ್ಲಿ ಉಳಿದುಬಂದಿವೆ. ಆದ್ದರಿಂದ ಅಲ್ಲಿರುವುದು ಅಲಂಕಾರವಲ್ಲ, ಸ್ವಭಾಷೆಯಲ್ಲಿ ಮನುಷ್ಯನಿಗಿರುವ ಪೂರ್ಣತೆ. ನಿಜವಾದ ಕೊರತೆ ಬೇರೆ ಇದೆ. ತಾಯಿಯ ನುಡಿಯ ಸೊಬಗನ್ನು ಮಗನು ಉಳಿಸಿದ್ದು ಆಕೆಗೆ ಒಲಿಯದ ಭಾಷೆಯಲ್ಲಿ. ಯಿಡ್ಡಿಷಿನ ಅರ್ಥ ನಮಗೆ ದಕ್ಕುತ್ತದೆ. ಅದರ ನಾದ ಬಹುಮಟ್ಟಿಗೆ ದಕ್ಕುವುದಿಲ್ಲ. ಈ ನಷ್ಟವನ್ನು ಕೃತಿಯು ಎಲ್ಲಿಯೂ ಘೋಷಿಸುವುದಿಲ್ಲ. ತನ್ನ ರೂಪದಲ್ಲಿಯೇ ಹೊತ್ತಿದೆ.

ಕನ್ನಡಕ್ಕೆ ಇಂಥ ಕೃತಿಯನ್ನು ತರುವವರಿಗೆ ಇಲ್ಲೊಂದು ಎಚ್ಚರಿಕೆಯಿದೆ. ಮುರಿದ ಇಂಗ್ಲಿಷಿಗೆ ಬದಲಾಗಿ ನಮ್ಮ ಯಾವುದಾದರೊಂದು ಪ್ರಾಂತದ ಆಡುನುಡಿಯನ್ನು ಬಳಸುವುದು ಸುಲಭವಾಗಿ ಕಂಡೀತು. ಅದು ತಪ್ಪು ಹೋಲಿಕೆ. ಧಾರವಾಡದ ಮಾತಾಗಲಿ ಕುಂದಾಪುರದ ಮಾತಾಗಲಿ ಆಡುವವರಿಗೆ ಪರಿಪೂರ್ಣವಾದ ಭಾಷೆ. ರಾತ್‌ನು ಚಿತ್ರಿಸಿದ್ದು ನಾಲಗೆಗೆ ಇನ್ನೂ ನೆಲೆಯಾಗದ ಭಾಷೆಯನ್ನು. ಸಂಕುಚಿತ ಶಬ್ದಸಂಪತ್ತು, ಅರ್ಧಕ್ಕೆ ನಿಂತ ವಾಕ್ಯ, ತಪ್ಪಿಬಿದ್ದ ಉಚ್ಚಾರ, ಇವುಗಳಿಂದಲೇ ಆ ಭೇದವನ್ನು ಸಾಧಿಸಬೇಕು. ಆಡುನುಡಿಯ ಪೂರ್ಣತೆಯು ಸಲ್ಲುವುದಾದರೆ ಅದು ತಾಯಿಯ ಯಿಡ್ಡಿಷಿಗೆ ಸಲ್ಲಬೇಕು.

ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನ ವಿದ್ಯಾರ್ಥಿಗಳು ಕುಳಿತಿರುವ ನಮ್ಮ ತರಗತಿಗಳಿಗೂ ಈ ವಿವೇಚನೆ ಅಪ್ರಸ್ತುತವಲ್ಲ. ಪಾಠದ ಭಾಷೆಯಲ್ಲಿ ತಡವರಿಸುವವನ ಬುದ್ಧಿಯನ್ನು ಆ ತಡವರಿಕೆಯಿಂದಲೇ ಅಳೆಯುವ ಅಧ್ಯಾಪಕನು, ಡೇವಿಡ್ಡನ ತಂದೆಯ ತೊದಲನ್ನು ಮಾತ್ರ ಕೇಳಿದ ಆ ಅಧಿಕಾರಿಯ ಸ್ಥಾನದಲ್ಲಿಯೇ ನಿಂತಿರುತ್ತಾನೆ.