ಮಲಗಲು ಕಲಿತ ಚಿಪ್, ಎಚ್ಚರ ಬೇಡುವ ತೋಟ

ಮಳೆಗಾಲದಲ್ಲಿ ಸಕಲೇಶಪುರ, ಆಲೂರು ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬೀಟಮ್ಮ ಎಂಬ ಕಾಡಾನೆಯ ಗುಂಪು ಇವತ್ತು ಯಾವ ಎಸ್ಟೇಟಿನಲ್ಲಿದೆ ಎಂಬ ಸುದ್ದಿ ಬರುವುದೂ ಮೊಬೈಲಿಗೇ. ಹೀಗಿರುವಾಗ ಬ್ಯಾಟರಿ ಉಳಿಸುವ ಪ್ರೊಸೆಸರುಗಳ ಗುಣದೋಷವನ್ನು ಈ ತೋಟಗಳಲ್ಲೇ ನಿಂತು ಅಳೆಯುವುದು ನ್ಯಾಯ.

ಚಿಪ್ ದುಡಿಯುವಾಗ ಖರ್ಚಾಗುವ ಶಕ್ತಿ ಮುಖ್ಯವಾಗಿ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ವೋಲ್ಟೇಜ್ ಅರ್ಧಕ್ಕಿಳಿದರೆ ಅದೇ ಲೆಕ್ಕ ಮಾಡಲು ಕಾಲುಭಾಗ ಶಕ್ತಿ ಸಾಕು. ವೇಗ ತಗ್ಗುತ್ತದೆ, ಅಷ್ಟೇ. ಈ ತತ್ವಕ್ಕೆ ಸಿಕ್ಕ ಸೊಗಸಾದ ರೂಪ 2011ರಲ್ಲಿ ಆರ್ಮ್ ಕಂಪನಿ ಪ್ರಕಟಿಸಿದ ‘ಬಿಗ್-ಲಿಟಲ್’ ವಿನ್ಯಾಸ. ಒಂದೇ ಚಿಪ್ಪಿನಲ್ಲಿ ಎರಡು ಬಗೆಯ ಕೋರ್: ಭಾರದ ಕೆಲಸಕ್ಕೆ ಕಾರ್ಟೆಕ್ಸ್-ಎ15, ಹಗುರದ್ದಕ್ಕೆ ಕಾರ್ಟೆಕ್ಸ್-ಎ7. ಎರಡೂ ಒಂದೇ ಆದೇಶಗಳನ್ನು ಓದಬಲ್ಲವಾದ್ದರಿಂದ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಇದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಆ ಉಳಿತಾಯವನ್ನು ಕಣಿವೆಯ ಸಿಗ್ನಲ್ ತಿಂದುಹಾಕುತ್ತದೆ. ಟವರ್ ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು. 900 ಮೆಗಾಹರ್ಟ್ಸ್‌ನ ಜಿಎಸ್ಎಂ ಫೋನು 2 ವಾಟ್‌ವರೆಗೂ ಏರುತ್ತದೆ. ಪ್ರೊಸೆಸರು ಎಷ್ಟೇ ಜಾಣತನದಿಂದ ಮಲಗಿದರೂ ಈ ಖರ್ಚು ತಪ್ಪದು. ಮಲಗಿಸುವ ಕ್ರಮದಲ್ಲೂ ನನಗೆ ತಕರಾರಿದೆ. ಕೆಲವು ಫೋನುಗಳ ಬ್ಯಾಟರಿ ಸೇವರ್ ಆ್ಯಪ್‌ಗಳನ್ನು ಹಿನ್ನೆಲೆಯಲ್ಲೇ ಮುಚ್ಚಿಬಿಡುತ್ತದೆ; ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಎಚ್ಚರಿಕೆ ಪರದೆ ತೆರೆದಾಗಲೇ ಕಾಣುತ್ತದೆ. ಎಸ್ಎಂಎಸ್ ಹಾಗಲ್ಲ: ಮೋಡೆಮ್ ತಾನೇ ಪ್ರೊಸೆಸರನ್ನು ಎಬ್ಬಿಸುತ್ತದೆ. ಲೈನ್ ಮನೆಯಿಂದ ಮುಂಜಾನೆ ಕಾಫಿ ಕೊಯ್ಲಿಗೆ ಹೊರಡುವವರ ಕೈಯಲ್ಲಿರುವ ಕೀಪ್ಯಾಡ್ ಫೋನಿಗೂ ಅದು ತಲುಪುತ್ತದೆ. ಜೀವದ ಪ್ರಶ್ನೆ ಬಂದಾಗ ನನ್ನ ಮತ ಈ ಹಳೆಯ ದಾರಿಗೇ.

ಇನ್ನೂ ಕಠಿಣ ಪರೀಕ್ಷೆ ಆನೆಯ ಕುತ್ತಿಗೆಯಲ್ಲಿದೆ. ಬೆಂಗಳೂರಿನಲ್ಲಿ ತಯಾರಾದ ಜಿಎಸ್ಎಂ ರೇಡಿಯೋ ಕಾಲರನ್ನು 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಬಿಡುಗಡೆ ಮಾಡಿದರು. ಆಮದಿನದಕ್ಕಿಂತ ಅಗ್ಗ, ಸ್ವಾಗತಾರ್ಹ. ಆದರೆ ಇಲ್ಲಿ ಚಾರ್ಜರ್ ಇಲ್ಲ. ಬ್ಯಾಟರಿ ಮುಗಿದರೆ ಆನೆಗೆ ಮತ್ತೆ ಅರಿವಳಿಕೆ ಕೊಟ್ಟು ಕೆಡವಬೇಕು. ಅದು ಆನೆಗೂ ಸಿಬ್ಬಂದಿಗೂ ಅಪಾಯ. ಗಂಟೆಗೊಮ್ಮೆ ನೆಲೆ ಕಳಿಸಿದರೆ ಬ್ಯಾಟರಿ ಹೆಚ್ಚು ಬಾಳುತ್ತದೆ, ಆದರೆ ಆ ಗಂಟೆಯಲ್ಲಿ ಹಿಂಡು ಪಕ್ಕದ ತೋಟ ಸೇರಿರುತ್ತದೆ. ಆನೆ ನಿಂತಲ್ಲೇ ಇದ್ದಾಗ ಮಲಗಿ, ನಡೆಯತೊಡಗಿದಾಗ ಏಳುವ ಚಿಪ್ ಬೇಕು. ಸಿಗ್ನಲ್ ಇಲ್ಲದ ಕಡೆ ಸುಮ್ಮನೆ ಹುಡುಕದೆ ನೆಲೆಗಳನ್ನು ಕೂಡಿಟ್ಟು ಆಮೇಲೆ ಕಳಿಸಬೇಕು. ಕಾಲರಿನ ಬೆಲೆ, ತೂಕದ ಜೊತೆಗೆ ಆಲೂರಿನ ಮಳೆಯಲ್ಲಿ ಅದು ಎಷ್ಟು ತಿಂಗಳು ಬಾಳಿತು, ಎಷ್ಟು ಸಂದೇಶ ತಡವಾಯಿತು ಎಂಬುದನ್ನೂ ಇಲಾಖೆ ಬೆಳೆಗಾರರ, ಕಾರ್ಮಿಕರ ಮುಂದಿಡಬೇಕು.