ಮೇನ್ ಎಂದರೆ ಎಷ್ಟನೆಯದು?

ಈ ವಾರ ಬ್ರಾಂಚ್ ಅಲಿಯಾಸ್ ಬಗ್ಗೆ ಬರೆಯುವೆನೆಂದು ಮಾತು ಕೊಟ್ಟಿದ್ದೆ. "ಟೆಸ್ಟ್‌ಗಳೆಲ್ಲ ಹಸಿರಾಗಿವೆಯಲ್ಲ, ಮತ್ತೆ ಕಂಪ್ಯಾಟಿಬಿಲಿಟಿ ಚೆಕ್ ಬೇರೆ ಯಾಕೆ?" ಎನ್ನುವ ಪಂಥದವರು ಆಗಲೇ ಮೂಗು ಮುರಿದಿದ್ದಾರೆ. ಮುರಿಯಲಿ. ಪಬ್ಲಿಕ್ ಮೆಥಡ್ ಕಿತ್ತುಹಾಕುವವರೂ ಅವರೇ, ಅದೇ ಕಮಿಟ್‌ನಲ್ಲಿ ಅದರ ಟೆಸ್ಟ್ ಅಳಿಸುವವರೂ ಅವರೇ. ಹಸಿರಾಗದೆ ಇನ್ನೇನಾದೀತು!

ಪಿಎಚ್‌ಪಿಯ ಪ್ಯಾಕೇಜ್ ಮ್ಯಾನೇಜರ್ ಆದ ಕಂಪೋಸರ್‌ಗೆ ಮೇನ್ ಬ್ರಾಂಚಿನ ಡೆವ್-ಮೇನ್ ಎಂಬುದು ಬರೀ ಕರೆಯುವ ಹೆಸರು. ಮನೆಯಲ್ಲಿ ಪುಟ್ಟನಾದವನಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರುವಂತೆ ಅದಕ್ಕೂ 2.4.ಎಕ್ಸ್-ಡೆವ್ ಎಂಬ ಅಲಿಯಾಸ್ ಬೇಕು, ಆಗಲೇ ^2.0 ಕೇಳಿದವರ ಲೆಕ್ಕಕ್ಕೆ ಅದು ಬರುವುದು. ರೋವ್ ತಂಡದ ಕಂಪ್ಯಾಟಿಬಿಲಿಟಿ ಚೆಕ್ಕರ್ ಕೊನೆಯ ಸ್ಥಿರ ಟ್ಯಾಗನ್ನೂ ಈಗಿನ ಕಮಿಟ್ಟನ್ನೂ ಬೇರೆಬೇರೆಯಾಗಿ ಚೆಕ್‌ಔಟ್ ಮಾಡಿ, ಎರಡಕ್ಕೂ ಡಿಪೆಂಡೆನ್ಸಿ ಇಳಿಸಿಕೊಂಡು, ಆಮೇಲೆ ಹೋಲಿಸುತ್ತದೆ. ಹಳೆಯದಕ್ಕೆ ಟ್ಯಾಗ್ ಇದೆ, ಕಂಪೋಸರ್ ಅದನ್ನು ನೋಡಿ ವರ್ಷನ್ ತಿಳಿದುಕೊಳ್ಳುತ್ತದೆ. ತಬ್ಬಲಿಯಾಗುವುದು ಹೊಸದು. ಕಮಿಟ್ ಹಿಡಿದು ಚೆಕ್‌ಔಟ್ ಮಾಡಿದಲ್ಲಿ ಬ್ರಾಂಚೇ ಇಲ್ಲ. ಯಾವ ಬ್ರಾಂಚೆಂದು ಕಂಪೋಸರ್‌ಗೆ ಊಹಿಸಲಾಗದಿದ್ದರೆ ಡೆವ್-ಮೇನ್‌ಗೆ ಬರೆದಿಟ್ಟ ಅಲಿಯಾಸ್ ಯಾರಿಗೆ ಹೊಂದೀತು? ಆಗ ನಮ್ಮ ಡಿಪೆಂಡೆನ್ಸಿಯೊಂದು ತಿರುಗಿ ನಮ್ಮ ಪ್ಯಾಕೇಜನ್ನೇ ^2.0 ಎಂದು ಕೇಳಿದರಂತೂ ಇನ್‌ಸ್ಟಾಲ್‌ನಲ್ಲೇ ಕೆಂಪು. ಕೋಡ್ ಒಂದು ಸಾಲೂ ಹೋಲಿಕೆಯಾಗಿರುವುದಿಲ್ಲ, ಆದರೂ ನೋಡಿದವರು "ಕಂಪ್ಯಾಟಿಬಿಲಿಟಿ ಮುರಿಯಿತು" ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಕಂಪೋಸರ್_ರೂಟ್_ವರ್ಷನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟು ಪಾರಾಗುವವರಿದ್ದಾರೆ. ಅದು ಹಳೆಯದು, ಹೊಸದು ಎರಡಕ್ಕೂ ಒಂದೇ ನಂಬರ್ ಅಂಟಿಸುತ್ತದೆ, ನನಗೆ ಸೇರದು. ಕೋಡ್ ಜೊತೆಗೇ ಇರುವ ಕಂಪೋಸರ್ ಜೇಸನ್ ಫೈಲಿನ ಅಲಿಯಾಸನ್ನು ಚೆಕ್ಕರ್ ತಾನೇ ಓದಿ, ಹೊಸದಕ್ಕೆ ಮಾತ್ರ ತೊಡಿಸಲಿ.

2.0 ಬಂದಮೇಲೂ ಮೇನ್ ಬ್ರಾಂಚನ್ನು 1.9.ಎಕ್ಸ್-ಡೆವ್ ಎಂದೇ ಬಿಟ್ಟಿರುವ ಸೋಮಾರಿಗಳನ್ನೂ ಇವತ್ತು ತರಾಟೆಗೆ ತೆಗೆದುಕೊಳ್ಳಬೇಕೆಂದಿದ್ದೆ. ಅದಿರಲಿ, ಅದಕ್ಕಿಂತ ರುಚಿಯಾದ ಇನ್ನೊಂದು ಕಂಪ್ಯಾಟಿಬಿಲಿಟಿ ಜಗಳ ನೆನಪಾಯಿತು. 2020ರ ನವೆಂಬರಿನಲ್ಲಿ ಪಿಎಚ್‌ಪಿ 8.0 ನೇಮ್ಡ್ ಆರ್ಗ್ಯುಮೆಂಟ್ ತಂದಿತು, ಅಂದರೆ ಪ್ಯಾರಾಮೀಟರ್‌ನ ಹೆಸರು ಹಿಡಿದೇ ಮೌಲ್ಯ ಕೊಡಬಹುದು. ಅಂದಿನಿಂದ ಪ್ಯಾರಾಮೀಟರ್‌ನ ಹೆಸರು ತಿದ್ದಿದರೂ ಬಳಸುವವರ ಕೋಡ್ ಮುರಿಯಬಹುದು. ಅಟ್ರಿಬ್ಯೂಟ್‌ಗಳ ಕನ್‌ಸ್ಟ್ರಕ್ಟರ್ ಬಿಟ್ಟರೆ ಹೆಸರುಗಳ ಹೊಣೆ ತನ್ನದಲ್ಲ ಎಂದು ಸಿಂಫೊನಿ ಫ್ರೇಮ್‌ವರ್ಕ್ ಹೇಳಿಬಿಟ್ಟಿದೆ. ಅಷ್ಟು ದೊಡ್ಡ ಯೋಜನೆಗೆ ಅದು ಅನಿವಾರ್ಯವಿರಬಹುದು. ಆದರೆ ನಾಲ್ಕು ಕ್ಲಾಸ್‌ನ ಪ್ಯಾಕೇಜ್ ಬರೆಯುವವರೂ ಅದೇ ನೆಪ ಹಿಡಿದರೆ ಹೇಗೆ? ಭಾಷೆಯೇ ಕೊಟ್ಟ ಹಕ್ಕನ್ನು ಕಸಿಯುವುದಾದರೆ ಡಾಕ್‌ಬ್ಲಾಕ್‌ನಲ್ಲಿ 'ನೋ ನೇಮ್ಡ್ ಆರ್ಗ್ಯುಮೆಂಟ್ಸ್' ಎಂದು ಮೊದಲೇ ಬರೆಯಲಿ. ಬರೆಯದೆ, ಅವಸರದಲ್ಲಿ ಪ್ಯಾರಾಮೀಟರ್‌ಗೆ 'ಡೇಟಾ2' ಎಂದು ಹೆಸರಿಟ್ಟು 2.0 ಬಿಡುಗಡೆ ಮಾಡಿದವರು 3.0ವರೆಗೂ ಆ ಡೇಟಾ2ವನ್ನು ಸಾಕಲಿ.