ಕಾಯಕವೂ ಮಾನವ ಸಂಪನ್ಮೂಲವೂ: ಒಂದು ವಿಮರ್ಶೆ

1985ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯವು ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವೆಂಬ ಹೆಸರನ್ನು ತಳೆಯಿತು. 2020ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಿತು. ಈ ನಡುವಣ ಮೂವತ್ತೈದು ವರ್ಷಗಳಲ್ಲಿ ಪಾಠಶಾಲೆಗಳಲ್ಲಿ ದುಡಿದ ನಮ್ಮಂಥವರಿಗೆ, ಎದುರಿಗೆ ಕುಳಿತ ಮಗುವು ಮೊದಲು ಮಾನವನೋ ಮೊದಲು ಸಂಪನ್ಮೂಲವೋ ಎಂಬ ಸಂದೇಹವು ಬಾರದಿರಲಿಲ್ಲ. ಗಣಿಯ ಅದಿರು, ನದಿಯ ನೀರು, ಕಾಡಿನ ಮರ ಇವು ಸಂಪನ್ಮೂಲಗಳು. ಇವುಗಳ ಸಾಲಿನಲ್ಲಿ ಮನುಷ್ಯನನ್ನೂ ನಿಲ್ಲಿಸಿದ ಮೇಲೆ ಅವನನ್ನು ಕುರಿತು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ಈ ಪದದ ಹಿಂದೆ ಒಂದು ಶಾಸ್ತ್ರವಿದೆ. ನಮ್ಮ ದೇಶದಲ್ಲಿ ಉದಯ ಪಾರೀಕ್ ಮತ್ತು ಟಿ. ವಿ. ರಾವ್ ಅವರ ಸಲಹೆಯ ಮೇರೆಗೆ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು 1970ರ ದಶಕದಲ್ಲಿಯೇ ಇದಕ್ಕೊಂದು ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅಮೆರಿಕದಲ್ಲಿ 1984ರಲ್ಲಿ ಎರಡು ಗ್ರಂಥಗಳು ಹೊರಬಂದವು. ಫೊಂಬ್ರನ್, ಟಿಚಿ, ಡೆವನ್ನಾ ಇವರ ಗ್ರಂಥವು ಸಂಸ್ಥೆಯ ಗುರಿಯನ್ನು ಮೊದಲು ನಿಶ್ಚಯಿಸಿ, ಆಯ್ಕೆ, ಮೌಲ್ಯಮಾಪನ, ಪ್ರತಿಫಲ, ತರಬೇತಿ ಎಂಬ ನಾಲ್ಕನ್ನೂ ಆ ಗುರಿಗೆ ಹೊಂದಿಸಬೇಕೆಂದು ವಿಧಿಸುತ್ತದೆ. ಹಾರ್ವರ್ಡಿನ ಮೈಕೇಲ್ ಬೀರ್ ಮತ್ತು ಸಂಗಡಿಗರ ಗ್ರಂಥವು ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಒಡೆಯರಷ್ಟೇ ಅಲ್ಲ, ನೌಕರರು, ಸರ್ಕಾರ, ಸುತ್ತಣ ಸಮುದಾಯ ಇವರೆಲ್ಲರೂ ಸಂಸ್ಥೆಯ ಹಿತಾಹಿತಗಳಲ್ಲಿ ಪಾಲುಳ್ಳವರೆಂದೂ, ವ್ಯಕ್ತಿಯ ಮತ್ತು ಸಮಾಜದ ಕ್ಷೇಮವು ಕೊನೆಯ ಲೆಕ್ಕದಲ್ಲಿ ಸೇರಬೇಕೆಂದೂ ಅದು ಹೇಳುತ್ತದೆ. ಇವೆರಡರ ನಡುವಣ ಅಂತರವು ಅಲ್ಪವಾದುದಲ್ಲ.

ಇತ್ತೀಚೆಗೆ ಈ ಶಾಸ್ತ್ರವನ್ನು ಶರಣರ ಕಾಯಕತತ್ತ್ವದೊಡನೆ ಜೋಡಿಸಿ ಉಪನ್ಯಾಸ ಮಾಡುವ ರೂಢಿ ಬೆಳೆದಿದೆ. ಅಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗವು ತಪ್ಪದೆ ಬರುತ್ತದೆ. ಆದರೆ ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗಕ್ಕೆ ಎರಡು ಮುಖಗಳಿವೆಯೆಂಬುದನ್ನು ನಾವು ಮರೆಯಲಾಗದು. ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಲಕ್ಕಮ್ಮ ಕಾಯಕವನ್ನು ನೆನಪಿಸುವುದು ಒಂದು ಮುಖ. ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹುವುದು ಇನ್ನೊಂದು. ಉಪನ್ಯಾಸಕರು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡುತ್ತಾರೆ. ಕೆಲಸಕ್ಕೆ ಹೊರಡಿಸುವ ಲಕ್ಕಮ್ಮ ಸಂಸ್ಥೆಗೆ ಪ್ರಿಯಳು. ಸಾಕೆನ್ನುವ ಲಕ್ಕಮ್ಮ ಅನುಕೂಲಳಲ್ಲ. ಎರಡನೆಯ ಮುಖವನ್ನು ಬಿಟ್ಟರೆ ಉಳಿಯುವುದು ಕಾಯಕವಲ್ಲ, ಬರಿಯ ದುಡಿತ. ಅಲ್ಲದೆ, ಮಿತಿಯ ನಿಯಮವು ದುಡಿಯುವವನಿಗೆ ಅನ್ವಯಿಸುವಂತೆ ದುಡಿಸುವವನಿಗೂ ಅನ್ವಯಿಸಬೇಕು. ವಚನಗಳಿಂದ ನಿರ್ವಹಣಾಶಾಸ್ತ್ರವು ಕಲಿಯಬೇಕಾದುದಿದ್ದರೆ ಅದು ಇದೇ.

ಶರಣರ ಹೆಸರುಗಳನ್ನೇ ನೋಡಿರಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ. ಇಲ್ಲಿ ಕಾಯಕವು ವ್ಯಕ್ತಿಯ ಹೆಸರನ್ನು ನುಂಗಿಲ್ಲ, ಅದರೊಡನೆ ನಿಂತಿದೆ. ರಾಮಣ್ಣನು ದನ ಕಾಯುವವನಾಗಿದ್ದು, ಆ ಕಾಯಕದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದವನು. ತುರು ಕಾಯುವುದೂ ಒಂದು ವಿದ್ಯೆಯೆಂಬುದನ್ನು ಆ ವಚನಗಳ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಮಾತಿನ ಬೆಳಕಿನಲ್ಲಿ ನಮ್ಮ ಚಳ್ಳಕೆರೆ ಸೀಮೆಯ ವರವು ಕಾವಲನ್ನು ನೋಡಬಹುದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ ಇದೂ ಒಂದು. ಈ ಭಾಗದ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಸಾಕುವ ಕಿಲಾರಿಗಳಿದ್ದಾರೆ. ಕುರಿ ಸಾಕಿ ಕಂಬಳಿ ನೇಯುವವರೂ ಇದ್ದಾರೆ. ಇಲ್ಲಿನ ಸುಮಾರು 4,290 ಎಕರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವು 2017ರ ಮೇ 28ರಂದು ಉದ್ಘಾಟನೆಗೊಂಡಿತು. 2023ರ ಏಪ್ರಿಲಿನಲ್ಲಿ ಇಸ್ರೋದ ಮರುಬಳಕೆಯ ವಾಹನವು ತಾನಾಗಿಯೇ ಬಂದಿಳಿದುದು ಈ ಕೇಂದ್ರದ ಓಡುದಾರಿಯ ಮೇಲೆಯೇ. ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಿದೆ. ಇವು ದೇಶವು ಹೆಮ್ಮೆಪಡುವ ಕಾರ್ಯಗಳೇ. ಆದರೆ ಮೇವಿನ ನೆಲವು ಗೋಡೆಯೊಳಗಾದಾಗ ಹಳ್ಳಿಗರು ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು; 2014ರ ತೀರ್ಪಿನ ಷರತ್ತುಗಳೊಡನೆ ಯೋಜನೆಗಳು ಮುಂದುವರಿದವು.

ಕಿಲಾರಿಯು ವಿಮಾನವನ್ನು ಹಾರಿಸಬೇಕೆಂದು ಯಾರೂ ಹೇಳಲಾರರು. ಪ್ರಶ್ನೆಯು ಲೆಕ್ಕದ್ದು. ಗೋಡೆಯೊಳಗೆ ಬೇಕಾದ ಕೌಶಲವನ್ನು ಮಾತ್ರ ಎಣಿಸುವ ಶಾಸ್ತ್ರಕ್ಕೆ, ಗೋಡೆಯ ಹೊರಗೆ ಕೆಲಸ ಕಳೆದುಕೊಂಡ ಕೌಶಲವು ಕಾಣುವುದೇ ಇಲ್ಲ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹೋರಿ ತಳಿಗೆ ತಕ್ಕುದು ಎಂಬ ಅರಿವಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದವನು ಸಂಪನ್ಮೂಲವೂ ಆಗಲಾರನು. ಸುತ್ತಣ ಸಮುದಾಯವನ್ನು ಪಾಲುಗಾರನೆಂದು ಒಪ್ಪಿದ ಹಾರ್ವರ್ಡಿನವರ ಗ್ರಂಥದ ಪ್ರಕಾರವೇ ಈ ಲೆಕ್ಕವು ಅಪೂರ್ಣವೆಂದಾಗುತ್ತದೆ. ಈ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಕಾಯಕತತ್ತ್ವಕ್ಕೆ ಹತ್ತಿರವಾಗಿದೆ.

ಲಕ್ಕಮ್ಮನ ಮಾತು ಇಲ್ಲಿ ಅಕ್ಕಿಗಷ್ಟೇ ನಿಲ್ಲುವುದಿಲ್ಲ. ದೇಶದ ಕೆಲಸಕ್ಕೆ ಬೇಕಾದಷ್ಟು ನೆಲವನ್ನು ಇಟ್ಟುಕೊಂಡು, ಹೆಚ್ಚಾದ ಹುಲ್ಲನ್ನು ದನಕುರಿಗಳಿಗೆ ತೆರೆದಿಡುವ ದಾರಿಯಿದೆಯೇ? ನೌಕರನ ದಿನದಲ್ಲಿ ಕೆಲಸಕ್ಕೆ ಬೇಕಾದಷ್ಟನ್ನು ಪಡೆದು, ಹೆಚ್ಚಾದುದನ್ನು ಅವನ ಮನೆಗೆ ಹಿಂದಿರುಗಿಸುವ ಮನಸ್ಸಿದೆಯೇ? ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವ ಸಂಸ್ಥೆಯು ಕಾಯಕವೆಂಬ ಶಬ್ದವನ್ನು ಬಳಸಲು ಅರ್ಹವಾದುದು. ಕೇಳಿಕೊಳ್ಳದಿದ್ದಲ್ಲಿ ಆ ಶಬ್ದವನ್ನು ಶರಣರಲ್ಲಿಯೇ ಬಿಟ್ಟು, ತನ್ನ ಪರಿಭಾಷೆಯನ್ನೇ ಇಟ್ಟುಕೊಳ್ಳುವುದು ಲೇಸು.